ಒಂಬತ್ತನೇ ದೋಣಿ

ಅಣೆಕಟ್ಟು ಒಡೆಯುವುದನ್ನು ನೋಡಲು ಬಂದವರಿಗೆ
ಮೇಯರ್ ಕಚೇರಿಯವರು ಸೇಬಿನ ಮದ್ಯ ಹಂಚಿದರು.
ನಾನೂ ಒಂದು ಲೋಟ ತಗೊಂಡೆ.
ಒಡೆಯುವುದೆಂದರೆ ಢಮಾರ್ ಅಂತೇನಲ್ಲ:
ಹಳದಿ ಯಂತ್ರವೊಂದು ಮೂತಿ ತಗ್ಗಿಸಿ
ಹಲ್ಲುನೋವಿನವನ ಹಾಗೆ ಒಂದೇ ಮಗ್ಗುಲಲ್ಲಿ
ಕಾಂಕ್ರೀಟು ಕಡಿಯಿತು, ಇಡೀ ಬೆಳಗ್ಗೆ.
ನೀರು ಮೊದಲು ಅನುಮಾನಿಸಿತು.
ಆಮೇಲೆ ಹೊರಟೇಹೋಯಿತು.

ಮೂವತ್ತೊಂದು ಬೇಸಿಗೆ ಈ ನಾರ್ಮಂಡಿಯ ಕೆರೆಯಲ್ಲಿ
ತುಳಿಯುವ ದೋಣಿ ಬಾಡಿಗೆಗೆ ಕೊಟ್ಟವನು ನಾನು.
ಹದಿನಾಲ್ಕು ದೋಣಿ. ಎರಡಕ್ಕೆ ಹಂಸದ ಕೊರಳು.
ಅರ್ಧ ಗಂಟೆಗಿಷ್ಟು, ಗಂಟೆಗಿಷ್ಟು,
ಒತ್ತೆಗೆ ಕಾರಿನ ಕೀಲಿಯೋ ಗುರುತಿನ ಚೀಟಿಯೋ.
ನನಗೆ ಈಜು ಬಾರದು. ಯಾರೂ ಕೇಳಲಿಲ್ಲ.
ಕೆರೆಯೆಂದರೆ ದಡದಿಂದ ದಡಕ್ಕೆ ಹಾಸಿಟ್ಟ ಮೇಜು;
ಅದರಡಿ ಏನಿದೆಯೆಂದು ನಾನು ಬಗ್ಗಿ ನೋಡಿದವನಲ್ಲ.

ಮೇಜು ಎತ್ತಿದರು.
ಕೆಸರು, ಕೆಸರಿನ ನಾತ, ಟೈರು, ಒಂದು ಹೊಲಿಗೆ ಯಂತ್ರ,
ಅಜ್ಜಂದಿರು ಹೇಳುತ್ತಿದ್ದ ಎರಡು ಕಮಾನಿನ ಸೇತುವೆ
ಬಾಯಿ ತುಂಬ ಹೂಳು ಕಚ್ಚಿಕೊಂಡು.
ಗಾಳದ ಆರ್ಸೆನ್ ಬಂದು ನಿಂತ, ಉಗುಳಿದ:
"ಇನ್ನು ಭಾನುವಾರ ಏನು ಮಾಡಲಿ,
ಹೆಂಡತಿಯ ಜೊತೆ ಮಾತಾಡಲೇ?"
ಯಾರೂ ನಗಲಿಲ್ಲ. ಅವನು ತಮಾಷೆ ಮಾಡಿರಲಿಲ್ಲ.

ಎದುರು ದಡದ ಬುಡದಲ್ಲಿ, ಮಕಾಡೆ, ಒಂಬತ್ತು.
ಬಣ್ಣ ಹೋದರೂ ಅಂಕಿ ನನ್ನ ಕೈಯದೇ,
ಬಾಲ ತುಸು ಉದ್ದ.

ಎಂಬತ್ತೊಂಬತ್ತರ ಆಗಸ್ಟು. ಒಬ್ಬ ಹುಡುಗ, ಒಬ್ಬಳು ಹುಡುಗಿ.
ನಡುಮಧ್ಯಾಹ್ನ ಸಿಡಿಲುಮಳೆ. ಸಂಜೆ ರಸ್ತೆ ಬಳಸಿ
ತೊಪ್ಪೆಯಾಗಿ ನಡೆದು ಬಂದರು, ಚಪ್ಪಲಿ ಕೈಯಲ್ಲಿ.
"ಆಚೆ ಕಟ್ಟಿದ್ದೇವೆ, ಆಲ್ಡರ್ ಮರಕ್ಕೆ, ಗಟ್ಟಿಯಾಗಿ."
ಬೆಳಗ್ಗೆ ಹೋಗಿ ನೋಡಿದರೆ ದೋಣಿ ಇಲ್ಲ.
ಮರವೂ ಇರಲಿಲ್ಲ; ಅದು ನನ್ನ ಲೆಕ್ಕಕ್ಕೆ ಬರಲಿಲ್ಲ.
ಸುಳ್ಳುಬುರುಕರು ಅಂದೆ, ಆಚೀಚೆಯವರ ಎದುರಿಗೇ.
ಒತ್ತೆಗಿಟ್ಟದ್ದು ಅವಳ ಕೈಗಡಿಯಾರ.
ಕೊಡಲಿಲ್ಲ.

ಈಗ ಜೂನ್. ಕೆಸರಿನ ಮೇಲೆ ಹುಲ್ಲು, ಹುಲ್ಲಿಗೆ ಮಕ್ಕಳು.
ಅಟ್ಟಣೆಯಿಂದ ಗರಿಕೆಗೆ ಧುಮುಕಿ ಉರುಳುತ್ತಾರೆ.
ಹಂಸಗಳು ಶಿಶುವಿಹಾರದ ಅಂಗಳ ಸೇರಿದವು.
ಶಿರಸ್ತ್ರಾಣದವರು ಕಾರಿನ ತಲೆಯ ಮೇಲೆ
ತೆಳ್ಳನೆ ದೋಣಿ ಹೊತ್ತು ಬಂದು ನನ್ನನ್ನೇ ಕೇಳುತ್ತಾರೆ:
ಎಲ್ಲಿ ಇಳಿಸೋದು, ಕಲ್ಲು ಎಲ್ಲೆಲ್ಲಿದೆ.
ಗೊತ್ತಿಲ್ಲ ಅನ್ನಲು ನಾಚಿಕೆ; ಕೈ ತೋರಿಸುತ್ತೇನೆ.
ಸಾಲ್ಮನ್ ಬಂತಂತೆ. ನಾನು ಕಂಡಿಲ್ಲ.
ತಂಗಿಯ ಮಗಳು ಸೊಲೆನ್ ಅಂಥವೇ ಆರು ದೋಣಿ
ಸಾಲ ಮಾಡಿ ತಂದಿದ್ದಾಳೆ. ಗುಡಿಸಲಿಗೆ ನೀಲಿ ಬಳಿದಳು.
"ಮಾಮ, ಲೆಕ್ಕ ಬರೆಯೋಕೆ ನೀನೇ ಇರು."

ನಿನ್ನೆ ಪ್ಯಾಂಟು ಮಡಚಿ ನದಿಗೆ ಇಳಿದೆ.
ಮೊಣಕಾಲುದ್ದ. ಅಷ್ಟೇ.
ಇಷ್ಟಕ್ಕೆ ಮೂವತ್ತೊಂದು ವರ್ಷ ಹೆದರಿದೆನೇ ಅಂದುಕೊಂಡೆ.
ಆಗ ಅದು ತಳ್ಳಿತು,
ಬೆನ್ನಿಗೆ ಕೈಯಿಟ್ಟು ಅವಸರದಲ್ಲಿರುವವರ ಹಾಗೆ.
ಕೆರೆ ಎಂದೂ ತಳ್ಳಿರಲಿಲ್ಲ.
"ಹೇಗಿದೆ?" ಸೊಲೆನ್ ದಡದಿಂದ.
"ತಣ್ಣಗಿದೆ" ಅಂದೆ.

ದಡ ಕುಸಿದು ಮರ ಬುಡಸಮೇತ ಬಿದ್ದಿತ್ತು,
ದೋಣಿಯನ್ನೂ ಎಳೆದುಕೊಂಡು.
ನೈಲಾನು ಹಗ್ಗ ಇನ್ನೂ ಹಸಿರು,
ಕಾಂಡಕ್ಕೆ ಎರಡು ಸುತ್ತು, ಮೇಲೊಂದು ಗಂಟು.
ಹೊರಡುವ ಮೊದಲು ಪ್ರತಿಯೊಬ್ಬರಿಗೂ
ನಾನೇ ಕಲಿಸಿ ಕಳಿಸುತ್ತಿದ್ದ ಗಂಟು.

ಹಳೆಯ ಲೆಕ್ಕದ ಪುಸ್ತಕದಲ್ಲಿ ಹುಡುಕಿದೆ:
ಊರಿಲ್ಲ, ಮನೆಹೆಸರಿಲ್ಲ. ಮಾರೀಜ್, ಇಬ್ಬರು, ಒಂಬತ್ತು.
ಗಡಿಯಾರಕ್ಕೆ ಕೀಲಿ ಕೊಟ್ಟರೆ ಓಡುತ್ತದೆ.

ಗಂಟು ಬಿಚ್ಚಲು ಅರ್ಧ ಗಂಟೆ ಹಿಡಿಯಿತು.
ಆಗಿನ ದರದಲ್ಲಿ ಇಪ್ಪತ್ತು ಫ್ರಾಂಕು.