ಆರನೆಯ ಕೊಳವೆ

ಗ್ರಿಸೆಲ್ದಾ ಬೊನ್ಫಾಂತಿಯ ಶೆಡ್ಡಿನಲ್ಲಿ
ಗಾಳಿ ಅಳೆಯುವ ಯಂತ್ರವೆಂದರೆ
ಹಳೆಯ ವ್ಯಾಕ್ಯೂಮ್ ಕ್ಲೀನರಿನ ಎರಡು ಮೋಟಾರು,
ಒಂದು ಮರದ ಪೆಟ್ಟಿಗೆ, ಬಗ್ಗಿಸಿದ ಗಾಜಿನ ನಳಿಗೆ,
ನಳಿಗೆಯೊಳಗೆ ನಿನ್ನೆ ಮಿಕ್ಕ ಯೆರ್ಬಾ ಕಷಾಯದ ಹಸಿರು.
ಹಸಿರು ಒಂದು ಗೀಟು ಏರಿದರೆ
ಅವಳ ಹುಬ್ಬೂ ಒಂದು ಗೀಟು.

ಹೊರಗೆ ಪಾಂಪಾಸ್. ಗೋಧಿ ಕೊಯ್ದ ಮೇಲೆ
ತಡೆಯುವವರಿಲ್ಲದ ಗಾಳಿ ಮುನ್ನೂರು ಮೈಲಿ ನಡೆದು ಬಂದು
ನಮ್ಮ ತಗಡಿನ ಬಾಗಿಲಿಗೆ ಧೂಳು ಕೊಡವುತ್ತಿತ್ತು.
ಅಷ್ಟೊಂದು ಇದೆಯಲ್ಲ, ಎಂಜಿನ್ನಿಗೇಕೆ ಸಾಲದು?
ಕೇಳಿದೆ, ಕೆಲಸಕ್ಕೆ ಸೇರಿದ ದಿನ.
ಅವಳು ಕಷಾಯದ ಬುರುಡೆ ಕೈಗಿತ್ತಳು. ಹೀರು.
ಹೀರಿದೆ. ನಾಲಗೆ ಸುಟ್ಟಿತು.
ಈಗ ಇದರಿಂದ. ಹೆಬ್ಬೆರಳು ದಪ್ಪದ ಪೈಪು.
ಎಲೆ ಬಂತು, ಪುಡಿ ಬಂತು, ಕಷಾಯ ಬರಲಿಲ್ಲ.
ಅಗಲವಾದರೆ ಸೋಮಾರಿ, ಸಪೂರವಾದರೆ ಸಿಡುಕ,
ಗಾಳಿಗೂ ಮೈಕಟ್ಟು ಬೇಕು ಕಣೋ ಫೆರ್ಮಿನ್.

ಓದಿಲೋನ ಕಾರು. ಸಾಲಾಗಿ ಆರು ಸಿಲಿಂಡರು,
ಓಡುವುದು ಮಣ್ಣಿನ ಟ್ರ್ಯಾಕಿನಲ್ಲಿ. ಅವನಿಗೆ ಬೇಕಾದದ್ದು
ಕಾಗದದ ಮೇಲೊಂದು ದೊಡ್ಡ ಸಂಖ್ಯೆ,
ಮದುವೆ ಪಾತ್ರೆಯಂತೆ ಹೊಳೆಯುವ ಪಾಲಿಶು.
ಅವಳು ಕೇಳಿದ್ದು ಒಂದೇ:
ತಿರುವು ಬಿಟ್ಟು ಏಳುವಾಗ ಮುಳ್ಳು ಎಲ್ಲಿರುತ್ತೆ?
ಐದು ಸಾವಿರ, ಅಂದ, ಸಾಲ ಒಪ್ಪಿಕೊಂಡವನಂತೆ.

ಅಲ್ಲಿಂದ ಲೆಕ್ಕ.
ವಾಲ್ವು ತೆರೆದು ಪಿಸ್ಟನ್ನು ಇಳಿದಾಗಲೆಲ್ಲ
ಒಂದು ಸೆಳೆತ ಹುಟ್ಟಿ ಕೊಳವೆಯ ಬಾಯಿಗೆ ಓಡುತ್ತದೆ,
ಬಯಲು ಮುಟ್ಟಿದ್ದೇ ಮನಸ್ಸು ತಿರುಗಿ
ಒತ್ತಡವಾಗಿ ವಾಪಸು ಬರುತ್ತದೆ
ಬರಿಗೈಯಲ್ಲಿ ಹೋದವನು ಗಂಟು ಹೊತ್ತು ಬಂದ ಹಾಗೆ.
ಬಾಗಿಲು ಹಾಕುವ ಮುಂಚೆ ಬಂದರೆ
ಒಂದು ಹಿಡಿ ಗಾಳಿ ಹೆಚ್ಚು ಒಳಗೆ.
ತಡವಾದರೆ,
ಗಾಳಿ ಗುದ್ದಿ ಮೈ ನೋಯಿಸಿಕೊಂಡರು ಅನ್ನುತ್ತಾರಲ್ಲ,
ಅದೇ, ಸೆಕೆಂಡಿಗೆ ನಲವತ್ತು ಸಲ.

ಮುನ್ನೂರ ಹನ್ನೆರಡು ಮಿಲಿಮೀಟರು, ಅಂದಳು.
ಮುನ್ನೂರ ಹತ್ತು ಆಗದೆ?
ಆಗದು.

ನಾನು ಬೆಸೆದೆ. ಅಲ್ಯೂಮಿನಿಯಂ ಹೇಳಿ ಕರಗುವುದಿಲ್ಲ,
ಕೆಂಪಾಗದೆ, ಎಚ್ಚರಿಸದೆ, ಒಮ್ಮೆಗೇ ಜಾರುತ್ತದೆ.
ಆರನೆಯದರ ಹೊತ್ತಿಗೆ ಸಂಜೆ, ಹಸಿವು, ಗೆಳೆಯರ ಸಿಳ್ಳೆ.
ಒಂದು ತೊಟ್ಟು ಒಳಗಿಳಿದು ಹೆಪ್ಪುಗಟ್ಟಿತು,
ಜೋಳದ ಕಾಳಿನಷ್ಟು.
ಹೊರಗಿನ ಬೆಸುಗೆ ಮಾತ್ರ ಮೀನಿನ ಹುರುಪೆಯಂತೆ ಸಾಲು ಸಾಲು.
ಒಳಗೆ ಯಾರು ನೋಡುತ್ತಾರೆ.

ಡೈನೋ ಮೇಲೇರಿಸಿ ಇಳಿಸಿದಾಗ
ಐದು ಪ್ಲಗ್ಗು ಬಿಸ್ಕತ್ತಿನ ಬಣ್ಣ,
ಆರನೆಯದು ಮಸಿ.
ಗ್ರಿಸೆಲ್ದಾಗೆ ಎಡಗಿವಿಯಿಲ್ಲ,
ಮೂವತ್ತು ವರ್ಷದ ಎಂಜಿನ್ನುಗಳು ತಿಂದು ಮುಗಿಸಿವೆ.
ಅವಳು ನನ್ನನ್ನೇನೂ ಕೇಳಲಿಲ್ಲ.
ಸ್ವೆಟರಿನಿಂದ ಒಂದೆಳೆ ಉಣ್ಣೆ ಕಿತ್ತು ಕಡ್ಡಿಗೆ ಕಟ್ಟಿ
ಆರನೆಯ ಕೊಳವೆಗೆ ಇಳಿಬಿಟ್ಟು ಮೋಟಾರು ಹಾಕಿದಳು.
ಎಳೆ ನೆಟ್ಟಗೆ ಹೋಯಿತು, ಹೋಯಿತು, ಒಂದು ಕಡೆ
ಹಾವು ಕಂಡ ಕೋಳಿಯಂತೆ ಗಿರಗಿರ.
ಕಿರುಬೆರಳು ತೂರಿಸಿದಳು. ನನ್ನ ಮುಖ ನೋಡಲಿಲ್ಲ.
ನನ್ನ ಕಿರುಬೆರಳು ಹಿಡಿದು ಅಲ್ಲಿಗೇ ಮುಟ್ಟಿಸಿದಳು.
ತಣ್ಣಗಿತ್ತು. ನನ್ನದೇ.
ಬೈದಿದ್ದರೆ ರಾತ್ರಿ ಊಟ ಸೇರುತ್ತಿತ್ತು.

ಬೆಳಗಿನವರೆಗೆ ತೀಡಿದೆ, ಕನ್ನಡಿಯಾಗಲಿ ಎಂದಲ್ಲ,
ಬೆಕ್ಕಿನ ನಾಲಗೆಯಷ್ಟು ತರಿ ಉಳಿಯಬೇಕು
ಪೆಟ್ರೋಲು ಗೋಡೆಗೆ ಅಂಟಿ ಕೂರದಂತೆ.

ಭಾನುವಾರ ಅವಳು ಟ್ರ್ಯಾಕಿಗೆ ಹೋಗುವವಳಲ್ಲ.
ಶೆಡ್ಡಿನ ಹಿಂದೆ ಕುರ್ಚಿ ಹಾಕಿ ಬಲಗಿವಿ ಅತ್ತ ತಿರುಗಿಸಿದಳು.
ಎರಡು ಮೈಲಿ ಆಚೆ ಇಪ್ಪತ್ತು ಕಾರುಗಳ ಗದ್ದಲ;
ಅದರಲ್ಲೊಂದು ತಿರುವು ಬಿಟ್ಟು ಏಳುವಾಗ
ಆರು ಬಾಯಿ ಸೇರಿ ಒಂದೇ ಸ್ವರ ಹಿಡಿಯಿತು.
ಅವಳ ಬೆರಳು ಮೇಲೆದ್ದಿತು.
ಮತ್ತೆ ಬಂತು. ಮತ್ತೆ.
ನಾಲ್ಕನೆಯ ಸುತ್ತಿಗೆ ಬರಲಿಲ್ಲ.

ಓದಿಲೋ ಫೋನಿನಲ್ಲಿ ಅಳುತ್ತಿದ್ದ.
ಗೇರ್‌ಬಾಕ್ಸು ನಮ್ಮದಲ್ಲ, ಅಂದಳು ಗ್ರಿಸೆಲ್ದಾ,
ಬುರುಡೆಗೆ ಬಿಸಿನೀರು ಹೊಯ್ದು
ಕಹಿಯಾದ ಮೊದಲ ಸುತ್ತು ತಾನೇ ಹೀರಿ
ಎರಡನೆಯದು ನನ್ನ ಕೈಗಿತ್ತಳು.