ಹೊಗೆಯ ಲೆಕ್ಕ

"ನಾಯಿ ಹಿಡಿದುಕೊಳ್ಳೀ..." ಅಂತ ಬೇಲಿಯಾಚೆಯಿಂದಲೇ ಕೂಗಬೇಕು,
ನಾಯಿ ಸತ್ತು ಎರಡು ವರ್ಷವಾಗಿದ್ದರೂ.
ಅದು ಇಲ್ಲಿಯ ನಮಸ್ಕಾರ.
ಕೂಗಿದೆ. ಡೊಲ್ಗೊರಜ್ಜಿ ಬಾಗಿಲ ಕಂಬಳಿ ಸರಿಸಿ
"ಮಲಗಿದೆ, ಬಾ" ಅಂದಳು.

ಉಲಾನ್‌ಬಾತರಿನ ಬಡಗಣ ಗುಡ್ಡ. ಮೈನಸ್ ಮೂವತ್ತೊಂದು.
ಕೆಳಗೆ ಊರಿಲ್ಲ,
ಹೊಗೆಯ ಮೇಲೆ ತೇಲುವ ನಾಲ್ಕು ಚಿಮಣಿ, ಒಂದು ಕ್ರೇನು.
ಒಂದೇ ಚಳಿಗಾಲ ಮುನ್ನೂರು ಕುರಿಗಳನ್ನು
ನಿಂತಲ್ಲೇ ಮರಗಟ್ಟಿಸಿದ ಮೇಲೆ
ಗುಡಾರ ಮಡಚಿ, ಲಾರಿಗೆ ಹೇರಿ ಬಂದವಳು ಅಜ್ಜಿ.
ಒಲೆಯನ್ನು ಮಾತ್ರ ಮಡಿಲಲ್ಲಿ ಇಟ್ಟುಕೊಂಡಿದ್ದಳಂತೆ.

ಆ ಒಲೆ ಹೋಗಿ ಈಗ ಯೋಜನೆಯ ಒಲೆ.
ಪ್ರಯೋಗಶಾಲೆಯಲ್ಲಿ ಹೊಗೆಯೇ ಇಲ್ಲದ್ದು
ಗುಡ್ಡ ಹತ್ತಿದೊಡನೆ ಹೊಗೆ ಕಾರುವುದೇಕೆ?
ಅದನ್ನು ಕಂಡುಹಿಡಿಯಲು ನನಗೆ ಸಂಬಳ.
ಇಂಜಿನಿಯರ್ ಗನ್‌ಜೋರಿಗ್ ಮೊದಲೇ ಹೇಳಿದ್ದ:
"ಜನಕ್ಕೆ ತಿಳಿವಳಿಕೆ ಇಲ್ಲ, ಸೊಲೊಂಗೊ.
ಅಷ್ಟನ್ನೇ ಸ್ವಲ್ಪ ಉದ್ದವಾಗಿ ಬರೆದುಕೊಡು."

ಒಮ್ಮೆ ತುಂಬು, ಮೇಲಿನಿಂದ ಹೊತ್ತಿಸು,
ಆರು ಗಂಟೆ ಮುಚ್ಚಳ ಮುಟ್ಟಬೇಡ.
ಕೆಂಡದ ಮೇಲೆ ಹಸಿ ಕಲ್ಲಿದ್ದಲು ಬಿದ್ದರೆ ಕೆಟ್ಟಿತು.
ಇಷ್ಟೇ ನಿಯಮ.

ಜಾಲರಿ ಗೋಡೆಗೆ ನೇತುಹಾಕಿದ್ದೆ
ಬೆಂಕಿಪೊಟ್ಟಣದಷ್ಟು ಯಂತ್ರ,
ಗಾಳಿಯ ಕಣ ಎಣಿಸುವಂಥದು.
ಮೊಮ್ಮಗ ತೆಮುಲೆನ್ ಇಟ್ಟ ಹೆಸರು ಚಾಡಿಕೋರ.
ಅದರ ಮೂತಿಗೇ ಕೆಮ್ಮಿ ನೋಡುತ್ತಿದ್ದ,
ಹಸಿರು ದೀಪ ಕೆಂಪಾಗುತ್ತದೋ ಎಂದು.
ಅವನಿಗೆ ಐದು ವರ್ಷ.
ಕೆಮ್ಮಿಗೆ ನಾಲ್ಕು.

ಹನ್ನೊಂದು ಸಲ ಬಂದೆ.
ಹೊಸ್ತಿಲು ತುಳಿಯದೆ ಬಂದು, ಪಡುವಣ ಪಕ್ಕ ಕೂತು,
ಉಪ್ಪು ಹಾಕಿದ ಹಾಲುಚಹ ಎರಡೂ ಕೈಯಲ್ಲಿ ಹಿಡಿದು ಕುಡಿದೆ.
ಬರೆದುಕೊಂಡೆ: ನೀರಿನ ಕ್ಯಾನು ದಿನಕ್ಕೆಷ್ಟು,
ಮೊದಲು ಏಳುವವರು ಯಾರು,
ಮುಚ್ಚಳ ತೆಗೆಯುವುದು ಎಷ್ಟು ಸಲ.
"ತೆಗೆಯುವುದೇ ಇಲ್ಲವಲ್ಲ."
ಹನ್ನೊಂದು ಸಲವೂ ಅದೇ ಉತ್ತರ.
ನಾನು ಪುಟದ ಅಂಚಿನಲ್ಲಿ ಬರೆದಿಟ್ಟೆ:
ಈಕೆ ನಿಜ ಹೇಳುತ್ತಿಲ್ಲ.

ಇವತ್ತು ಹನ್ನೆರಡನೆಯದು.
ಚಾಡಿಕೋರನ ನಕ್ಷೆಯನ್ನು ಅಚ್ಚು ಹಾಕಿಸಿ ತಂದಿದ್ದೆ,
ವಕೀಲಳ ಹಾಗೆ ಬಿಚ್ಚಿ ಹಾಸಿದೆ.
ಹುಲ್ಲುಗಾವಲಿನಂತೆ ಉದ್ದಕ್ಕೂ ಮಲಗಿದ ಗೆರೆ,
ನಡುನಡುವೆ ಚೂಪಾದ ಗುಡ್ಡ.
ಅಜ್ಜಿ ಒಂದೊಂದರ ನೆತ್ತಿಗೂ ಬೆರಳಿಟ್ಟಳು.
"ಇದು ನೀನು ಬೂಟಿನೊಳಗೆ ಹಿಮ ತುಂಬಿಸಿಕೊಂಡು ಬಂದ ದಿನ.
ಇದು ಪೆನ್ನಿನ ಶಾಯಿ ಹೆಪ್ಪುಗಟ್ಟಿ
ನನ್ನ ಕಂಕುಳಲ್ಲಿ ಇಟ್ಟು ಕಾಯಿಸಿಕೊಟ್ಟೆನಲ್ಲ, ಅವತ್ತು.
ಇದು ಬಿಳಿ ತಿಂಗಳ ಹಬ್ಬದ ಮಾರನೆಗೆ.
ಇದೂ ನೀನೇ.
ಇದೂ."

ಎಣಿಸಿದೆ. ಹನ್ನೊಂದು.

"ನಮಗೋಸ್ಕರ ತೆಗೆಯುವುದಿಲ್ಲ ಅಂದದ್ದು ನಿಜವೇ.
ಚಳಿಯಾದರೆ ಇನ್ನೊಂದು ಕೋಟು ಹಾಕಿಕೊಳ್ಳುತ್ತೇವೆ.
ಆದರೆ ಬಂದವರಿಗೆ ಆರಿದ ಚಹ ಕೊಡಲು
ನಾನೇನು ಸತ್ತು ಹೋಗಿದ್ದೇನೆಯೆ?"

ಅನ್ನುತ್ತಲೇ ಎದ್ದು ಮುಚ್ಚಳ ಎತ್ತಿದಳು.
ಬೇಡ ಅನ್ನಲು ಬಾಯಿ ತೆರೆದೆ.
ಅನ್ನಲಾಗಲಿಲ್ಲ.
ಕಲ್ಲಿದ್ದಲು ಬಿತ್ತು, ದೀಪ ಕೆಂಪಾಯಿತು,
ತೆಮುಲೆನ್ ಚಪ್ಪಾಳೆ ತಟ್ಟಿದ, ಕೆಮ್ಮಿದ,
ಮತ್ತೆ ತಟ್ಟಿದ.
ಕುಡಿದೆ. ಬಿಸಿ ಇತ್ತು. ಚೆನ್ನಾಗಿಯೂ ಇತ್ತು,
ಅದನ್ನು ಯಾವ ಕಲಮಿನಲ್ಲಿ ತುಂಬಲಿ.

ಅಂಚಿನ ಆ ಸಾಲನ್ನು ಹೊಡೆದುಹಾಕಿದೆ.
ಹೊಡೆದ ಗೆರೆಯ ಅಡಿಯಿಂದ ಇನ್ನೂ ಓದಿಸುತ್ತದೆ.

ಮರುದಿನ ಗನ್‌ಜೋರಿಗನ ಮೇಜಿನ ಮುಂದೆ ನಿಂತು
ಉದ್ದವಾಗಿ ಏನೂ ಹೇಳಲಿಲ್ಲ.
ಒಲೆಗೆ ಇನ್ನೊಂದು ಬಾಯಿ ಬೇಕು ಅಂದೆ,
ಒಳಗಿನ ಉರಿಗೆ ತಾಗದ ಹಾಗೆ, ಪಕ್ಕದಲ್ಲಿ,
ಬಂದವರಿಗೆ.
ಅವನು ನಗುತ್ತಾನೆ ಅಂದುಕೊಂಡಿದ್ದೆ.
ಪೆನ್ಸಿಲು ಕಿವಿಯಿಂದ ತೆಗೆದು
"ಎಷ್ಟು ಅಗಲ?" ಎಂದ.

ಅಜ್ಜಿಯ ಕೆಟಲಿನ ಬುಡ ನೆನೆದು
ಮೇಜಿನ ಮೇಲೆ ಕೈ ಅಗಲಿಸಿ ತೋರಿಸಿದೆ:
ಒಂದು ಗೇಣು.