ಅವಧಿ

ಗೆದ್ದವನು ನಾನೇ.
ಮಳಲವಾಡಿ ಕೋರ್ಟಿನ ಮೆಟ್ಟಿಲಿಳಿಯುವಾಗ
ವಕೀಲರು ಬೆನ್ನು ತಟ್ಟಿದರು.

ಪತ್ರ ನಿಜ, ಅಂದಿತು ನ್ಯಾಯಪೀಠ.
ರೆವಿನ್ಯೂ ಸ್ಟಾಂಪಿನ ಮೇಲಿನ ರುಜು ನಿಜ,
ಎಂಬತ್ತು ಸಾವಿರ ಕೈಗೆ ಬಂದದ್ದೂ ನಿಜ.
ಆದರೆ ಮೂರು ವರ್ಷದ ಮೇಲೆ ಹನ್ನೊಂದು ದಿನ.
ದಾವೆ ವಜಾ.

ಪತ್ರದ ಮಡಿಕೆಯಿಂದ
ಒಂದಿಷ್ಟು ರಾಗಿಹಿಟ್ಟು ಮೇಜಿನ ಮೇಲೆ ಉದುರಿತ್ತು;
ಬೆಂಚ್ ಕ್ಲರ್ಕು ಊದಿಬಿಟ್ಟ.

ಇಟ್ಟಿಗೆಗೂಡಿನ ಗಿರಣಿ ಚಿಕ್ಕತಾಯಮ್ಮ
ಯಾಕೆ ತಡಮಾಡಿದಳೆಂದು ಯಾರೂ ಕೇಳಲಿಲ್ಲ.
"ದಸರಾ ಕಳೀಲಿ ಅಕ್ಕಾ" ಅಂದಿದ್ದೆ,
ಬೆಲ್ಟು ತಿರುಗುವ ಸದ್ದಿನಲ್ಲಿ, ಕಿರುಚಿ.
"ಆಯ್ತು ಕಣಪ್ಪಾ" ಅಂದಿದ್ದಳು, ಅವಳೂ ಕಿರುಚಿ.
ಬಾಯಿಮಾತು. ಕಡತದಲ್ಲಿಲ್ಲ.

"ಸಾಲ ಸಾಯಲ್ಲ ಕಣಯ್ಯ, ದಾವೆ ಸಾಯುತ್ತೆ,"
ಟೀ ಊದುತ್ತಾ ವಕೀಲರು ಹೇಳಿದರು.
"ನೀನಾಗೇ ಕೊಡ್ತೀನಿ ಅಂತ ಬರೆದು
ರುಜು ಹಾಕಿದರೆ ಮಾತ್ರ ಮತ್ತೆ ಎದ್ದು ಕೂರುತ್ತೆ.
ಹುಷಾರು. ಒಂದು ಸಾಲೂ ಬರೀಬೇಡ."

ಇವತ್ತೂ ಹೆಂಡತಿ ಅಲ್ಲೇ ಗೋಧಿ ಬೀಸಿಸಿಕೊಂಡು ಬಂದಳು.
ತೂಕ ಸರಿಯಾಗಿದೆ.
ಹಿಟ್ಟಿನ ಬಿಸಿ ಇನ್ನೂ ಆರಿಲ್ಲ.

ಕೊಡುತ್ತೇನೆ, ಚಿಕ್ಕತಾಯಮ್ಮ.
ಇಷ್ಟು ಬರೆದಿದ್ದೇನೆ.
ಕೆಳಗೆ ರುಜು ಇನ್ನೂ ಹಾಕಿಲ್ಲ.